ಜೋಡಿ ಇಲ್ಲದ ಸಾಮು

2020ರ ಡಿಸೆಂಬರಿನಲ್ಲಿ, ಒಂದೇ ವಾರದೊಳಗೆ, ಎರಡು ಸುದ್ದಿ ಬಂದವು. 14ನೇ ತಾರೀಖು ಕೊಲ್ಲಾಪುರದಲ್ಲಿ ಪೈಲವಾನ ಶ್ರೀಪತಿ ಖಂಚನಾಳೆ ತೀರಿಕೊಂಡರು. 17ನೇ ತಾರೀಖು ಚೀನಾದ ತೈ ಚಿಯನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊದಲನೇ ಸುದ್ದಿ ನಮ್ಮ ಚಿಕ್ಕೋಡಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಎರಡನೇದು ಆಫೀಸಿನ ಗ್ರೂಪಿನಲ್ಲಿ ಬಂತು. ಇವೆರಡಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ನನಗೆ ಕೇಳಿಕೊಳ್ಳೋ ಕಾರಣ ಇತ್ತು. ಬೆಂಗಳೂರಿನ ಒಂದು ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ತೈ ಚಿ ಮಾಡುವವನು ನಾನು. ಅದಕ್ಕೂ ಮುಂಚೆ, ಹೈಸ್ಕೂಲು ಮುಗಿಯುವವರೆಗೆ, ಊರಿನ ಗರಡಿ ಮನೆಯಲ್ಲಿ ಸಾಮು ತೆಗೆದವನು.

ತೈ ಚಿ ಮಾಡುವವರ ಬಾಯಲ್ಲಿ ‘ತತ್ವ’ ಅನ್ನೋ ಮಾತು ಬಹಳ. ಭುಜ ಇಳಿಬಿಡಬೇಕು, ಸೊಂಟ ಸಡಿಲ ಇರಬೇಕು, ಭಾರ ಯಾವ ಕಾಲಲ್ಲಿದೆ ಅನ್ನೋದು ಗೊತ್ತಿರಬೇಕು, ತೋಳಿನ ಬಲಕ್ಕಿಂತ ಮನಸ್ಸು ಮುಂದಿರಬೇಕು. ಇವನ್ನೆಲ್ಲ ನಮ್ಮ ನಮ್ಮ ಅಭ್ಯಾಸದೊಳಗೆ ತರೋದು ಹೇಗೆ ಅಂತ ಎಷ್ಟೋ ಪುಸ್ತಕ, ಎಷ್ಟೋ ವಿಡಿಯೊ ಇವೆ. ಈ ಪ್ರಶ್ನೆ ಹಿಡಿದು ಹೋದರೆ ಚೀನಾದ ಚರಿತ್ರೆ ಎಷ್ಟು ಬೇಕೋ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಚರಿತ್ರೆಯೂ ಅಷ್ಟೇ ಬೇಕು ಅನ್ನೋದು ನನ್ನ ವಾದ. ಮೊದಲು ಊರಿಂದಲೇ ಶುರು ಮಾಡೋಣ.

ಖಂಚನಾಳೆ ಹುಟ್ಟಿದ್ದು 1934ರಲ್ಲಿ, ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ. ಹೆಸರು ಮಾಡಿದ್ದು ಕೊಲ್ಲಾಪುರದ ತಾಲೀಮಿನಿಂದ. ತಾಲೀಮು ಅಂದರೆ ಅಲ್ಲಿನ ಗರಡಿ ಮನೆ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ದೇಶದ ಮೊದಲ ಹಿಂದ್ ಕೇಸರಿ ಆದರು. ಇವತ್ತು ಅವರ ಹೆಸರು ಬಂದಲ್ಲೆಲ್ಲ ಕೊಲ್ಲಾಪುರದ ಪೈಲವಾನ ಅಂತಲೇ ಬರುತ್ತದೆ. ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ. ಅಥಣಿಯಲ್ಲಿ ಕೂತು ಹೊಲಿದ ಚಪ್ಪಲಿಗೂ ಕೊಲ್ಲಾಪುರಿ ಅಂತಲೇ ಹೆಸರು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಕೊಡುವಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗೂ ಪಾಲು ಸಿಕ್ಕಿತು. ಕುಸ್ತಿಗೆ ಅಂಥ ಪಾಲು ಕೇಳಿದವರಿಲ್ಲ.

ಆಗಿನ ಹುಡುಗರು ಕೊಲ್ಲಾಪುರಕ್ಕೆ ಯಾಕೆ ಹೋಗುತ್ತಿದ್ದರು? ಇದಕ್ಕೆ ಉತ್ತರ ಶಾಹೂ ಮಹಾರಾಜರು. 1894ರಿಂದ 1922ರವರೆಗೆ ಕೊಲ್ಲಾಪುರ ಆಳಿದ ಈ ದೊರೆಯನ್ನು ನಾವು ಹೆಚ್ಚಾಗಿ 1902ರ ಮೀಸಲಾತಿಯಿಂದ ನೆನೆಯುತ್ತೇವೆ. ಊರಿನ ಹಿರಿಯರಿಗೆ ಅವರು ಕುಸ್ತಿಯ ದೊರೆ. ಪೈಲವಾನರಿಗೆ ಹಾಲು, ತುಪ್ಪ, ಬಾದಾಮಿಯ ಖುರಾಕು ಕೊಟ್ಟು ಸಾಕಿದರು, ತಾಲೀಮುಗಳಿಗೆ ಬೆನ್ನಾಗಿ ನಿಂತರು, ಖಾಸಬಾಗ ಮೈದಾನ ಕಟ್ಟಿಸಿದರು. 1912ರಲ್ಲಿ ಮುಗಿದ ಆ ಮೈದಾನದ ನಡುವೆ ಕೆಂಪು ಮಣ್ಣಿನ ಕಣ ಇದೆ, ಸುತ್ತಲೂ ಸಾವಿರಾರು ಜನ ಕೂತು ನೋಡುವ ಇಳಿಜಾರು. 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಕೊಲೊಸಿಯಂ ನೋಡಿದ ಮೇಲೆ ಅವರಿಗೆ ಈ ಯೋಚನೆ ಬಂತು ಅಂತ ಕೊಲ್ಲಾಪುರದವರು ಹೇಳ್ತಾರೆ.

ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ್ದೇ ಭಾಗವಾಗಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಈಚೆಗೆ ತಾಲೂಕಾದ ನಿಪ್ಪಾಣಿ ಚಿಕ್ಕೋಡಿಯಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ನಿಪ್ಪಾಣಿಯಿಂದ ಕೊಲ್ಲಾಪುರ ಹತ್ತಿರ, ಕಾಗವಾಡದಿಂದ ಮಿರಜ ಇನ್ನೂ ಹತ್ತಿರ. ರಾಯಬಾಗ, ಕುಡಚಿಯಲ್ಲಿ ರೈಲು ಹತ್ತಿದರೆ ಮಿರಜ, ಅಲ್ಲಿಂದ ಮುಂದೆ ಕೊಲ್ಲಾಪುರ. 1949ರಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಡುವೆ ರಾಜ್ಯದ ಗಡಿ ಬಂತು. ಗಡಿ ಬಂದ ಮೇಲೂ ಪೈಲವಾನರ ದಾರಿ ಅದೇ ಉಳಿಯಿತು. ಜಾತ್ರೆಯ ಜಂಗಿ ನಿಕಾಲಿ ಕುಸ್ತಿಗೆ ಇವತ್ತಿಗೂ ಆ ಕಡೆಯವರು ಇಲ್ಲಿ ಬರ್ತಾರೆ, ಈ ಕಡೆಯವರು ಅಲ್ಲಿ ಹೋಗ್ತಾರೆ.

ಹಾಗಂತ ಕುಸ್ತಿ ಇಲ್ಲಿ ಶಾಹೂ ಮಹಾರಾಜರ ಕಾಲದಲ್ಲಿ ಹುಟ್ಟಿದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ 1129ರ ಸುಮಾರಿನ ಸಂಸ್ಕೃತ ಗ್ರಂಥ. ಅದರಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು, ಅವರಿಗೆ ಅರಮನೆಯಿಂದ ಕೊಡಬೇಕಾದ ಊಟ, ಅವರು ಮಾಡಬೇಕಾದ ಶ್ರಮಗಳು ಎಲ್ಲ ಅಲ್ಲಿ ಬರುತ್ತವೆ. ಶ್ರಮ ಅಂದರೆ ಇಲ್ಲಿ ವ್ಯಾಯಾಮ: ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಮು ಮಾಡುವುದು. ಈ ಸ್ತಂಭಶ್ರಮವನ್ನೇ ಮಲ್ಲಕಂಬದ ಹಳೇ ರೂಪ ಅಂತ ಎಣಿಸುತ್ತಾರೆ. ಒಬ್ಬನೇ ಮಾಡುವ ಈ ಶ್ರಮಗಳೆಲ್ಲ ಕೊನೆಗೆ ಹೋಗಿ ಸೇರುವುದು ಕಣಕ್ಕೆ, ಎದುರಿಗೊಬ್ಬ ನಿಂತಿರುವ ಜಾಗಕ್ಕೆ. ಎಂಟುನೂರು ವರ್ಷದ ಮೇಲೆ ನಾನು ನೋಡಿದ ಗರಡಿಯಲ್ಲೂ ಲೆಕ್ಕ ಇದೇ ಇತ್ತು. ಸಂಜೆ ದಂಡ, ಬೈಠಕ್, ಸಂಗ್ರಾಣಿ ಕಲ್ಲು. ಬೆಳಗಿನ ಜಾವ ಹನುಮಪ್ಪನಿಗೆ ಕೈ ಮುಗಿದು, ಮಣ್ಣು ಹದ ಮಾಡಿ, ಜೋಡಿ ಹಿಡಿದು ಕುಸ್ತಿ. ಸಂಜೆಯದು ತಯಾರಿ, ಬೆಳಗಿನದು ಪಾಠ.

ಈಗ ಚೀನಾಕ್ಕೆ ಹೋಗೋಣ, ಯಾಕಂದರೆ ಅಲ್ಲಿ ಇದೇ ಕತೆ ಇನ್ನೊಂದು ತಿರುವು ತಗೊಂಡಿತು. ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಅನ್ನೋದು ಒಂದು ಹಳ್ಳಿ. ಚೆನ್ ಮನೆತನದವರ ಹಳ್ಳ ಅಂತ ಆ ಹೆಸರಿನ ಅರ್ಥ. 17ನೇ ಶತಮಾನದಿಂದ ಆ ಮನೆತನ ಒಂದು ಹೊಡೆದಾಟದ ವಿದ್ಯೆ ಇಟ್ಟುಕೊಂಡು ಬಂದಿತ್ತು. ಯಾಂಗ್ ಲುಚಾನ್ (1799–1872) ಅನ್ನೋ ಹೊರಗಿನವನು ಅಲ್ಲಿ ಕಲಿತು ಬೀಜಿಂಗಿಗೆ ಹೋಗಿ ರಾಜಧಾನಿಯ ದೊಡ್ಡ ಮನೆಗಳವರಿಗೆ ಕಲಿಸಿದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಅದನ್ನು ನಿಧಾನ ಮಾಡಿದ, ಜಿಗಿತ, ಹೊಡೆತ ಕಡಿಮೆ ಮಾಡಿದ, ಪೇಟೆಯ ಸಾಮಾನ್ಯ ಜನರೂ ಮಾಡುವ ಹಾಗೆ ಮಾಡಿದ. ಅವನು ಹೇಳಿದ ಹತ್ತು ತತ್ವಗಳನ್ನು ಶಿಷ್ಯ ಚೆನ್ ವೈಮಿಂಗ್ ಬರೆದಿಟ್ಟು 1920ರ ದಶಕದಲ್ಲಿ ಅಚ್ಚು ಹಾಕಿಸಿದ. ನಾನು ಮೇಲೆ ಹೇಳಿದ ಭುಜ, ಸೊಂಟ, ಭಾರ, ಮನಸ್ಸಿನ ಮಾತುಗಳೆಲ್ಲ ಆ ಹತ್ತರೊಳಗಿನವೇ.

ಆಮೇಲೆ ಬಂದದ್ದು ಸರ್ಕಾರ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯನ್ನು ಕತ್ತರಿಸಿ, ಸೇರಿಸಿ, 24 ಭಂಗಿಗಳ ಒಂದು ಸಣ್ಣ ಸರಣಿ ಮಾಡಿತು. ಐದಾರು ನಿಮಿಷದಲ್ಲಿ ಮುಗಿಯುತ್ತದೆ, ಹೆಚ್ಚು ಜಾಗ ಬೇಡ, ಜೊತೆಗಾರ ಬೇಡ. ಬೆಂಗಳೂರಿನ ಪಾರ್ಕಿನಲ್ಲಿ ನಾನು ಮಾಡೋದು ಅದೇ 24. ಚೆನ್ ಹಳ್ಳಿಯ ಕಾಳಗದ ವಿದ್ಯೆ ಲೋಕದ ಪಾರ್ಕುಗಳನ್ನೆಲ್ಲ ಮುಟ್ಟಿದ್ದು ಮುಖ್ಯವಾಗಿ ಈ ರೂಪದಲ್ಲಿ.

ನಮ್ಮಲ್ಲಿ ಇಂಥದ್ದು ಆಗಲಿಲ್ಲವೇ? ಆಯಿತು, ಆದರೆ ನಾವು ಅದನ್ನು ಗರಡಿಯ ಕತೆ ಅಂತ ಗುರುತಿಸುವುದಿಲ್ಲ. ಸಾತಾರಾ ಕಡೆಯ ಔಂಧ ಅನ್ನೋ ಸಣ್ಣ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ ಜಾಗ ಹೋದಾಗ, 1910ರಲ್ಲಿ ಕರೆದು ಕಾರ್ಖಾನೆಗೆ ನೆಲ ಕೊಟ್ಟವರು ಇವರೇ. ಈ ರಾಜರು ಸೂರ್ಯನಮಸ್ಕಾರವನ್ನು ದಿನದ ವ್ಯಾಯಾಮ ಮಾಡಿ, ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಹಚ್ಚಿಸಿ, 1928ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1938ರಲ್ಲಿ ಲಂಡನ್ನಿನಲ್ಲೂ ಅವರ ಪದ್ಧತಿಯ ಪುಸ್ತಕ ಬಂತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ಕೆ. ವಿ. ಅಯ್ಯರ್ ಸಹ 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಬರೆದರು. ಹೌದು, ‘ಶಾಂತಲಾ’, ‘ರೂಪದರ್ಶಿ’ ಬರೆದ ಅದೇ ಅಯ್ಯರ್. ಅಯ್ಯರ್ ಅಂಚೆಯಲ್ಲೂ ವ್ಯಾಯಾಮ ಕಲಿಸುತ್ತಿದ್ದರು. ಲಕೋಟೆಯಲ್ಲಿ ಪಾಠ ಬರುತ್ತದೆ, ಮನೆಯಲ್ಲಿ ಒಬ್ಬರೇ ಮಾಡಬೇಕು. ಇವತ್ತಿನ ಫಿಟ್‌ನೆಸ್ ಆ್ಯಪ್‌ಗಳ ಅಜ್ಜ ಅಂದರೂ ನಡೆದೀತು.

ಗರಡಿಯಲ್ಲಿ ಬೆಳೆದ ಯಾರಾದರೂ ಸೂರ್ಯನಮಸ್ಕಾರವನ್ನು ಮೊದಲ ಸಲ ನೋಡಿದರೆ ಅವರ ಕಣ್ಣು ಒಂದು ಕಡೆ ನಿಲ್ಲುತ್ತದೆ: ಸೊಂಟ ಮೇಲಿದ್ದು, ಎದೆ ನೆಲಕ್ಕೆ ಸವರಿಕೊಂಡು ಮುಂದೆ ಬಂದು, ತಲೆ ಎತ್ತುವ ನಡುವಿನ ಭಾಗ. ಅದು ನಾವು ನೂರಾರು ಹೊಡೆಯುತ್ತಿದ್ದ ದಂಡಕ್ಕೆ ಅಣ್ಣನೋ ತಮ್ಮನೋ. ದಂಡ ಕಣಕ್ಕೆ ಹೋಗುವ ದಾರಿಯಾಗಿತ್ತು. ಸೂರ್ಯನಮಸ್ಕಾರಕ್ಕೆ ಕಣ ಬೇಕಿಲ್ಲ, ಅದು ಚಾಪೆಯ ಮೇಲೆ ಶುರುವಾಗಿ ಚಾಪೆಯ ಮೇಲೆ ಮುಗಿಯುತ್ತದೆ.

ಎರಡೂ ದೇಶದಲ್ಲಿ ಆದದ್ದು ಒಂದೇ. ಹಳ್ಳಿಯ ವಿದ್ಯೆಯಲ್ಲಿ ಒಬ್ಬನೇ ಮಾಡಬಹುದಾದದ್ದು ಎಷ್ಟಿತ್ತೋ ಅಷ್ಟು ಪೇಟೆಗೆ ಬಂತು. ಇಬ್ಬರು ಬೇಕಾದದ್ದು ಹಿಂದೆ ಉಳಿಯಿತು. ಕಾರಣ ಕೆಟ್ಟದ್ದೇನಲ್ಲ. ಪರಕೀಯರ ಎದುರು ಜನರ ಮೈ ಸೋತಿದೆ, ಬೇಗ ಗಟ್ಟಿ ಮಾಡಬೇಕು ಅನ್ನೋ ಆತುರ ಎರಡೂ ಕಡೆ ಇತ್ತು. ಸಾವಿರ ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಎಣಿಸುತ್ತಾ ಕಲಿಸಲು ಬರೋದು ಒಬ್ಬೊಬ್ಬರೇ ಮಾಡುವ ಸಾಮು ಮಾತ್ರ. ಜೊತೆಗೆ ಮುಟ್ಟುವುದರ ಪ್ರಶ್ನೆಯೂ ಇದೆ. ಮಣ್ಣು ಮೆತ್ತಿಕೊಂಡು ಇನ್ನೊಬ್ಬನ ಕುತ್ತಿಗೆಗೆ ಕೈ ಹಾಕಿದ ಮೇಲೆ ಅವನ ಜಾತಿ ಕೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಊರಿನ ಜಾತಿ ಗರಡಿಯ ಬಾಗಿಲಲ್ಲಿ ಪೂರ್ತಿ ಬಿಟ್ಟುಹೋಗುತ್ತಿತ್ತು ಅಂತ ನಾನು ಹೇಳಲಾರೆ. ಆದರೂ ಮೈಗೆ ಮೈ ತಾಗಿಸದೆ ಕಲಿಯಲು ಅಲ್ಲಿ ದಾರಿ ಇರಲಿಲ್ಲ. ಚಾಪೆ ಆ ತೊಡಕನ್ನೇ ತೆಗೆದು ಹಾಕಿತು.

ಕಳೆದುಹೋದದ್ದು ಏನು? ಮೂರು ಉದಾಹರಣೆ ಕೊಡ್ತೀನಿ.

ಮೊದಲನೆಯದು ಭಾರ. ತೈ ಚಿಯಲ್ಲಿ ಖಾಲಿ ಕಾಲು, ತುಂಬಿದ ಕಾಲು ಅಂತ ಎರಡನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು ಅಂತಾರೆ. ಒಬ್ಬನೇ ಮಾಡುವಾಗ ಇದು ಕನ್ನಡಿಯ ಮುಂದೆ ಸರಿ ಕಾಣುವ ವಿಷಯ. ಕಣದಲ್ಲಿ ಇದು ಬಿದ್ದೆಯೋ ಉಳಿದೆಯೋ ಅನ್ನೋ ವಿಷಯ. ಇಬ್ಬರು ಪೈಲವಾನರು ಕುತ್ತಿಗೆಗೆ ಕೈ ಹಾಕಿ ಸುತ್ತುತ್ತಿರುವುದನ್ನು ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಇಬ್ಬರೂ ಆಗ ಒಂದೇ ಸಂಗತಿ ಹುಡುಕುತ್ತಿರುತ್ತಾರೆ: ಇವನ ಭಾರ ಮುಂದಿನ ಕಾಲಿಗೆ ಯಾವಾಗ ಬಂತು? ಬಂದ ಆ ಕ್ಷಣವೇ ಕಲಾಜಂಗ. ತೋಳಿನಡಿ ನುಗ್ಗಿ ಹೆಗಲ ಮೇಲೆ ಹೊತ್ತು ಆಚೆ ಹಾಕಿದ್ದಾಯಿತು.

ಎರಡನೆಯದು ಎದುರಿನವನ ಬಲ. ಬಲಕ್ಕೆ ಬಲ ಕೊಡಬೇಡ, ಬಂದದ್ದನ್ನು ಬರಲು ಬಿಟ್ಟು ತಿರುಗಿಸು ಅನ್ನೋದು ತೈ ಚಿಯ ಜೀವಾಳ. ನಮ್ಮಲ್ಲಿ ಧೋಬಿ ಪಛಾಡ ಅನ್ನೋ ಡಾವು ಇದೆ. ಅಗಸ ಕಲ್ಲಿನ ಮೇಲೆ ಬಟ್ಟೆ ಎತ್ತಿ ಹಾಕುವ ಹಾಗೆ ಎದುರಿನವನನ್ನು ಅವನ ಕೈಯಿಂದಲೇ ಹೆಗಲ ಮೇಲಿಂದ ಎಳೆದು ಹಾಕೋದು. ಸುಮ್ಮನೆ ನಿಂತವನಿಗೆ ಈ ಡಾವು ಹಾಕೋದು ಬಲು ಕಷ್ಟ. ಅವನು ನುಗ್ಗಿ ಬರಬೇಕು, ನೀವು ಸರಿಯಾದ ಹೊತ್ತಿಗೆ ತಿರುಗಬೇಕು. ಬಿದ್ದವನನ್ನು ಬೀಳಿಸಿದ್ದು ಬಹುಮಟ್ಟಿಗೆ ಅವನದೇ ಓಟ.

ಮೂರನೆಯದು ಕೇಳುವುದು. ತೈ ಚಿಯಲ್ಲಿ ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ ಮೆಲ್ಲಗೆ ತಳ್ಳಾಡುವ ಒಂದು ಅಭ್ಯಾಸ ಇದೆ. ಚೀನಿಯಲ್ಲಿ ಅದನ್ನು ತುಯ್‌ಶೌ ಅಂತಾರೆ, ಅಂದರೆ ತಳ್ಳುವ ಕೈ. ಅಲ್ಲಿ ಗೆಲ್ಲೋದಕ್ಕಿಂತ ಎದುರಿನವನು ಏನು ಮಾಡಲಿದ್ದಾನೆ ಅಂತ ಚರ್ಮದಿಂದ ತಿಳಿಯೋದು ಮುಖ್ಯ. ಅದನ್ನು ಅವರು ಬಲವನ್ನು ‘ಕೇಳುವುದು’ ಅಂತಲೇ ಕರೀತಾರೆ. ಪಾರ್ಕಿನ 24 ಭಂಗಿಯಲ್ಲಿ ಇದು ಇಲ್ಲ. ಮೊದಲ ಸಲ ಈ ಶಬ್ದ ಓದಿದಾಗ ನನಗೆ ನಮ್ಮ ವಸ್ತಾದರ ದನಿ ಕೇಳಿಸಿತು. ಕುಸ್ತಿ ಹಿಡಿದಾಗ ಕಣ್ಣರಳಿಸಿ ಕಾಲು ನೋಡುತ್ತಿದ್ದ ಹುಡುಗರಿಗೆ ಅವರು ಹೇಳುತ್ತಿದ್ದದ್ದು ಒಂದೇ: “ಕಣ್ಣಾಗ ಏನ್ ಐತ್ಲೇ? ಕೈ ಏನ್ ಹೇಳ್ತೈತಿ ಅದನ್ನ ಕೇಳ್.”

ಈ ವಸ್ತಾದರು ಇನ್ನೂ ಇದ್ದಾರೆ, ಎಪ್ಪತ್ತು ದಾಟಿದೆ. ಹೋದ ವರ್ಷ ಊರಿಗೆ ಹೋದಾಗ ಅವರ ಅಂಗಳದಲ್ಲಿ ನನ್ನ 24 ಭಂಗಿ ಮಾಡಿ ತೋರಿಸಿದೆ. ಕಟ್ಟೆಯ ಮೇಲೆ ಕೂತು ಪೂರ್ತಿ ನೋಡಿದರು. ನಗಲಿಲ್ಲ. “ಚಲೋ ಐತಿ. ಉಸರಾಟ ಚಲೋ ಐತಿ,” ಅಂದರು. ಆಮೇಲೆ ಕೇಳಿದರು, “ಇದಕ್ಕ ಜೋಡಿ ಯಾಂವ ತಮ್ಮಾ?”

“ಜೋಡಿ ಇಲ್ರಿ ವಸ್ತಾದ್ರ. ಒಬ್ಬಾವನ ಮಾಡೋದು.”

ಎದ್ದು ಬಂದು ನನ್ನ ಮುಂಗೈ ಮೇಲೆ ತಮ್ಮ ಕೈ ಇಟ್ಟರು. ಹಿಡಿಯಲಿಲ್ಲ, ತಳ್ಳಲೂ ಇಲ್ಲ, ಸುಮ್ಮನೆ ಇಟ್ಟರು ಅಷ್ಟೇ. “ಹಾಂ, ಈಗ ಮಾಡು,” ಅಂದರು. ಅದೇ ಭಂಗಿ, ಅದೇ ತಿರುವು. ಆದರೆ ನನ್ನ ಸೊಂಟ ಎಷ್ಟು ತಿರುಗಿತು, ಎಲ್ಲಿ ನಿಂತಿತು ಅನ್ನೋದೆಲ್ಲ ಆ ಕೈಯ ಕೆಳಗೆ ಸ್ಪಷ್ಟವಾಗಿ ತಿಳಿಯತೊಡಗಿತು. ಚೀನಾದ ಹೆಸರನ್ನು ಪೇಪರಿನಲ್ಲಿ ಮಾತ್ರ ಓದಿದ ಮನುಷ್ಯ ತುಯ್‌ಶೌ ಕಲಿಸುತ್ತಿದ್ದರು. ಅವರಿಗೆ ಅದು ಹೊಸ ವಿದ್ಯೆಯಾಗಿರಲಿಲ್ಲ.

ನನ್ನ ಚಿಂತೆ ಇಲ್ಲಿದೆ. ಯಾಂಗ್ ಚೆಂಗ್‌ಫು ಹೇಳಿದ್ದನ್ನು ಒಬ್ಬ ಶಿಷ್ಯ ಬರೆದುಕೊಂಡ. ನಮ್ಮ ಐದು ತಾಲೂಕುಗಳ ವಸ್ತಾದರು ಹೇಳಿದ್ದನ್ನು ಬರೆದುಕೊಂಡವರು ಯಾರು? ಖಂಚನಾಳೆಯವರ ಗದೆ, ಫೋಟೊ, ಬಹುಮಾನದ ಲೆಕ್ಕ ಸಿಗುತ್ತದೆ. ಅವರ ಕೈಗೆ ಏನು ಕೇಳಿಸುತ್ತಿತ್ತು ಅನ್ನೋದನ್ನು ಕಲಿಯಬೇಕಾದರೆ ಅವರ ಜೊತೆ ಕುಸ್ತಿ ಹಿಡಿದವರ ಕೈಯನ್ನೇ ಕೇಳಬೇಕು, ಆ ಕೈಗಳಿಗೂ ವಯಸ್ಸಾಗಿದೆ. ನಮ್ಮೂರ ಗರಡಿಯ ಕಟ್ಟಡ ಗಟ್ಟಿಯಾಗಿದೆ, ಬಣ್ಣ ಕೂಡ ಹೊಡೆಸಿದ್ದಾರೆ. ಒಳಗೆ ಮಣ್ಣು ಬಿರುಕು ಬಿಟ್ಟಿದೆ, ಮೂಲೆಯಲ್ಲಿ ಎರಡು ಜಿಮ್ ಮಷೀನು ಬಂದು ಕೂತಿವೆ. ಮಷೀನಿಗೂ ಜೋಡಿ ಬೇಡ. ಜಾತ್ರೆಯ ಕುಸ್ತಿಗೆ ಜನ ಇವತ್ತಿಗೂ ಕಿಕ್ಕಿರಿದು ಸೇರ್ತಾರೆ, ಹಲಗಿ ಸದ್ದಿಗೆ ಮೈ ಜುಂ ಅನ್ನುತ್ತದೆ. ಹಾಗಾಗಿ ಕುಸ್ತಿ ಸತ್ತಿದೆ ಅನ್ನೋ ಮಾತು ಸುಳ್ಳು. ನೋಡೋರು ಇದ್ದಾರೆ, ಗೆಲ್ಲೋರು ಇದ್ದಾರೆ. ಗೆಲ್ಲಬೇಕು ಅನ್ನೋ ಹಟ ಇಲ್ಲದೆ, ದಿನಾ ಬೆಳಿಗ್ಗೆ ಸುಮ್ಮನೆ ಬಂದು ಜೋಡಿ ಹಿಡಿಯುವ ನಲವತ್ತರ ರೈತ, ಐವತ್ತರ ಮಾಸ್ತರು ಕಮ್ಮಿಯಾಗಿದ್ದಾರೆ. ವಿದ್ಯೆಯನ್ನು ದಾಟಿಸುತ್ತಿದ್ದವರು ಅವರು.

ಇದಕ್ಕೆ ತೈ ಚಿಯಿಂದ ಕಲಿಯಬೇಕಾದ್ದೂ ಇದೆ. ಬಿದ್ದರೆ ಮೂಳೆ ಮುರಿಯುವ ವಯಸ್ಸಿನವರೂ ಇನ್ನೊಬ್ಬರ ಮೈಯಿಂದ ಕಲಿಯುವ ಹಾಗೆ ಅವರು ತುಯ್‌ಶೌ ಉಳಿಸಿಕೊಂಡರು. ಅಲ್ಲಿ ಚಿತ್ ಮಾಡೋದಿಲ್ಲ, ಪಾದ ಕದಲಿಸಿದರೆ ಸಾಕು. ನಮ್ಮ ಗರಡಿಯಲ್ಲಿ ಇಂಥ ನಡುವಿನ ಮೆಟ್ಟಿಲು ಇರಲಿಲ್ಲ. ಇಪ್ಪತ್ತೈದಕ್ಕೆ ಲಂಗೋಟಿ ಬಿಚ್ಚಿಟ್ಟವನು ಆಮೇಲೆ ಕಟ್ಟೆಯ ಮೇಲೆ ಕೂತು ನೋಡುವವನಾದ. ಆ ಮೆಟ್ಟಿಲು ಕಟ್ಟಲು ಹೊಸದೇನೂ ತರಬೇಕಿಲ್ಲ. ಕುಸ್ತಿಯ ಮೊದಲ ಅರ್ಧ ನಿಮಿಷ, ಕುತ್ತಿಗೆಗೆ ಕೈ ಹಾಕಿ ಭಾರ ಹುಡುಕುವ ಆ ಸುತ್ತಾಟ, ಅಷ್ಟನ್ನೇ ಒಂದು ಅಭ್ಯಾಸ ಮಾಡಿದರೆ ಸಾಕಾಗುತ್ತದೆ.

ನಾನು ಮಾಡಿಕೊಂಡಿರೋ ವ್ಯವಸ್ಥೆ ಸಣ್ಣದು. ಸೋಮವಾರದಿಂದ ಶನಿವಾರ ಒಬ್ಬನೇ 24 ಭಂಗಿ. ಭಾನುವಾರ ಅದೇ ಪಾರ್ಕಿಗೆ ಇನ್ನೊಬ್ಬ ಬರ್ತಾನೆ. ಟೆಸ್ಟಿಂಗ್‌ನಲ್ಲಿ ಕೆಲಸ ಮಾಡೋ ಹುಡುಗ, ರಾಯಬಾಗ ಕಡೆಯವನು, ಅವನೂ ಚಿಕ್ಕಂದಿನಲ್ಲಿ ಮಣ್ಣು ಮುಟ್ಟಿದವನೇ. ಅರ್ಧ ತಾಸು ಮುಂಗೈ ತಾಗಿಸಿ ನಿಲ್ಲುತ್ತೇವೆ, ಆಮೇಲೆ ಅರ್ಧ ತಾಸು ಕುತ್ತಿಗೆಗೆ ಕೈ ಹಾಕಿ ಸುತ್ತುತ್ತೇವೆ. ಕೆಳಗೆ ಹುಲ್ಲು, ಅದಕ್ಕೇ ಯಾರೂ ಯಾರನ್ನೂ ಎತ್ತಿ ಹಾಕೋದಿಲ್ಲ. ವಾಕಿಂಗ್ ಬಂದವರು ಜಗಳ ಅಂತ ನಿಂತು ನೋಡಿದ್ದೂ ಇದೆ. ಒಬ್ಬ ಹಿರಿಯರು ಹತ್ತಿರ ಬಂದು ಬಿಡಿಸೋಕೆ ನೋಡಿದರು. ಏನು ಮಾಡ್ತಿದ್ದೀವಿ ಅಂತ ತಿಳಿದ ಮೇಲೆ ಶಾಲು ತೆಗೆದು ಬೆಂಚಿನ ಮೇಲಿಟ್ಟು, “ನಂಗೂ ಒಂದು ಕೈ ಕೊಡಿ ನೋಡೋಣ” ಅಂದರು. ಅವರು ಈಗ ಪ್ರತಿ ಭಾನುವಾರ ನಮಗಿಂತ ಮುಂಚೆ ಬಂದಿರುತ್ತಾರೆ.